ಕರೆಯುವ ಅಮೀರ್ಬೀ

ಚಿತ್ತಾಪುರದ ಹೆಣ್ಣುಮಕ್ಕಳ ಮದರಸಾಕ್ಕೆ ಗಂಟೆ ಇರಲಿಲ್ಲ, ಅಮೀರ್ಬೀ ಇದ್ದಳು. ಬೆಳಿಗ್ಗೆ ಓಣಿಯ ಮೂಲೆಯಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳು ಒಮ್ಮೆ ಕೂಗು ಹಾಕಿದರೆ ಮೂರು ಓಣಿಯಾಚೆ ಹೊದ್ದು ಮಲಗಿದ್ದ ಪೊಲೀಸ್ ಪಟೇಲನೂ ಎದ್ದು ಮುಖ ತೊಳೆದುಕೊಳ್ಳುತ್ತಿದ್ದ. ಪಟೇಲನಿಗೂ ಮದರಸಾಕ್ಕೂ ಏನೂ ಸಂಬಂಧವಿರಲಿಲ್ಲ. ಆದರೂ ಆ ಕೂಗು ಕೇಳಿದ ಮೇಲೆ ಮಲಗಿರುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ.

ಇದು ನಿಜಾಮ ಸರಕಾರದ ಕಾಲದ ಮಾತು; ಆಗ ಸರಕಾರಿ ಶಾಲೆಗೇ ಮದರಸಾ ಎನ್ನುತ್ತಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬೀದಿಯಲ್ಲಿ ನಡೆದು ಶಾಲೆಗೆ ಹೋಗುವುದೆಂದರೆ ಊರಿಗೆ ಊರೇ ಮೂಗಿನ ಮೇಲೆ ಬೆರಳಿಡುತ್ತಿತ್ತು. ಅದಕ್ಕಾಗಿ ಸರಕಾರವೇ ಒಬ್ಬ ಹೆಂಗಸನ್ನು ನೇಮಿಸುತ್ತಿತ್ತು. ಮನೆ ಮನೆಗೆ ಹೋಗಿ ಹುಡುಗಿಯರನ್ನು ಕರೆಯುವುದು, ಸಾಲಾಗಿ ನಡೆಸಿಕೊಂಡು ಹೋಗಿ ಶಾಲೆಯ ಪರದೆಯೊಳಗೆ ಬಿಡುವುದು, ಸಂಜೆ ಮತ್ತೆ ಎಣಿಸಿ ಮನೆ ಮುಟ್ಟಿಸುವುದು, ಇಷ್ಟು ಅವಳ ಕೆಲಸ. ಕಾಗದದಲ್ಲಿ ಆ ಹುದ್ದೆಗೆ 'ಬುಲಾನೆವಾಲಿ', ಅಂದರೆ ಕರೆಯುವವಳು, ಎಂದು ಹೆಸರು. ಚಿತ್ತಾಪುರದ ಜನ ಮಾತ್ರ 'ಕರಿಯೂ ಅಮೀರ್ಬೀ' ಎನ್ನುತ್ತಿದ್ದರು. ಅಮೀರ್ಬೀಗೆ ಓದು ಬರಹ ಬರುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಫರ್ಸಿ ಚಪ್ಪಡಿ ಹೊರುತ್ತಿದ್ದವಳು, ಯಾರದೋ ಶಿಫಾರಸಿನಿಂದ ಈ ಕೆಲಸಕ್ಕೆ ಬಂದಿದ್ದಳು. ಅಂದಿನಿಂದ ತಲೆಯ ಮೇಲಿನ ಭಾರ ಇಳಿದು ನಾಲಿಗೆಯ ಮೇಲೆ ಬಂದಿತ್ತು.

ಕಾಗದದಲ್ಲಿ ಬರೆದ ಕೆಲಸ ಸುಲಭದ್ದು. ಬರೆಯದೆ ಬಿಟ್ಟ ಕೆಲಸವೇ ಕಷ್ಟದ್ದು. ಹುಡುಗಿಯರನ್ನು ಕರೆಯಬೇಕೆಂದರೆ ಮೊದಲು ಅವರ ಹೆಸರು ಹಾಜರಿ ಪಟ್ಟಿಯಲ್ಲಿ ಇರಬೇಕಲ್ಲ? ಹೆಸರು ಹಚ್ಚಬೇಕೆಂದರೆ ತಾಯಿ ಒಪ್ಪಬೇಕು, ತಾಯಿ ಒಪ್ಪಿದರೆ ಅಜ್ಜಿ ಒಪ್ಪಬೇಕು, ಇಬ್ಬರೂ ಒಪ್ಪಿದ ಮೇಲೆ ಅಪ್ಪನಿಗೆ ತಾನೇ ಒಪ್ಪಿದೆನೆಂದು ಅನಿಸಬೇಕು. ಇದನ್ನು ಮಾಡಲು ಬಷೀರಾ ಉಸ್ತಾನಿಯಿಂದ ಆಗುತ್ತಿರಲಿಲ್ಲ. ಉಸ್ತಾನಿ ಎಂದರೆ ಪಾಠ ಹೇಳುವವಳು; ಶಾಲೆಗೆ ಅವಳೊಬ್ಬಳೇ. ಹೈದರಾಬಾದಿನಿಂದ ಬಂದವಳು, ಮೆತ್ತಗೆ ಮಾತಾಡುವವಳು. ಯಾರಾದರೂ 'ಬ್ಯಾಡ' ಎಂದರೆ 'ಅಚ್ಛಾ' ಎಂದು ತಿರುಗಿ ಬಂದುಬಿಡುವವಳು. ಅಮೀರ್ಬೀಯ ಕಿವಿಗೆ 'ಬ್ಯಾಡ' ಎಂಬ ಮಾತು ಕೇಳಿಸುತ್ತಲೇ ಇರಲಿಲ್ಲ.

ಅವಳ ಹತ್ತಿರ ಮನೆಗೊಂದು ಮಾತಿತ್ತು. ಹೊಲಿಗೆಯ ಹುಚ್ಚಿದ್ದ ತಾಯಿಗೆ, "ಸಾಲ್ಯಾಗ ಹೊಲಿಗಿ ಮಷೀನ ಅದರಿ ಅವ್ವಾರ, ವಿಲಾಯತಿದು" ಎನ್ನುತ್ತಿದ್ದಳು. ಮಷೀನು ಇದ್ದದ್ದು ನಿಜ. ಅದಕ್ಕೆ ಸೂಜಿ ಇಲ್ಲದೆ ಮೂರು ವರ್ಷವಾದದ್ದನ್ನು ಹೇಳುತ್ತಿರಲಿಲ್ಲ. ತಿಂಡಿಪೋತ ಹುಡುಗಿಯರಿಗೆ, "ಪ್ರತಿ ಶುಕ್ರವಾರ ಹಲ್ವಾ ಕೊಡ್ತಾರ" ಎನ್ನುತ್ತಿದ್ದಳು. ಶುಕ್ರವಾರ ಶಾಲೆಗೆ ರಜೆ. ಹಲ್ವಾ ಕೊಟ್ಟರೋ ಇಲ್ಲವೋ ನೋಡಲು ಯಾರೂ ಹೋಗುವಂತಿರಲಿಲ್ಲ. ಲಿಂಗಾಯತರ ಮನೆಯಲ್ಲಿ ಶಿವನ ಹೆಸರು ತೆಗೆಯುವಳು, ಮುಸಲ್ಮಾನರ ಮನೆಯಲ್ಲಿ ಖುರಾನಿನ ಮೇಲೆ ಕೈಯಿಡುವಷ್ಟು ಗಂಭೀರವಾಗುವಳು, ಕೈ ಮಾತ್ರ ಇಡುತ್ತಿರಲಿಲ್ಲ.

ಈ ಮಾತುಗಳನ್ನೆಲ್ಲ ಅವಳು ಸಂಜೆ ಮನೆಯ ಅಂಗಳದಲ್ಲಿ ಕುಳಿತು ಎಲೆ ಅಡಿಕೆ ಜಗಿಯುತ್ತ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದವಳು ಸೊಸೆ ತಾಜುನ್ನಿಸಾ. ಅವಳು ತೆಂಗಳಿಯ ಹೆಣ್ಣು, ಒಕ್ಕಲಿಗರ ಓಣಿಯಲ್ಲಿ ಬೆಳೆದು ಮನೆಯೊಳಗೂ ಕನ್ನಡವನ್ನೇ ಆಡುವವಳು. ಗಂಡ ಗನಿಸಾಬ ಶಹಾಬಾದಿನ ಗಣಿಯಲ್ಲಿದ್ದ, ರಜೆಯ ದಿನ ಬಂದು ಮುಖ ತೋರಿಸಿ ಹೋಗುತ್ತಿದ್ದ. ತಾಜುನ್ನಿಸಾ ಊರವರ ಕೌದಿ ಹೊಲಿದು ಮನೆ ನಡೆಸುತ್ತಿದ್ದಳು. ಅವಳ ಎಂಟು ವರ್ಷದ ಮಗಳು ಗುಲ್ಶನ್ ಬಾವಿಯಿಂದ ನೀರು ತರುತ್ತಿದ್ದಳು. ಹೌದು, ಊರಿನ ಹೆಣ್ಣುಮಕ್ಕಳನ್ನೆಲ್ಲ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ ಅಮೀರ್ಬೀಯ ಮೊಮ್ಮಗಳು ಶಾಲೆಗೆ ಹೋಗುತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಮೀರ್ಬೀ "ಇನ್ನಾ ಸಣ್ಣಾಕಿ ಅದಾಳ" ಎಂದು ಮಾತು ಹಾರಿಸುತ್ತಿದ್ದಳು. ಆರು ವರ್ಷದ ಹುಡುಗಿಯರ ಕೈ ಹಿಡಿದುಕೊಂಡೇ ಈ ಮಾತು ಹೇಳುತ್ತಿದ್ದಳೆಂದರೆ ಅವಳ ಮುಖದ ಗಟ್ಟಿತನ ನಿಮಗೆ ತಿಳಿಯಬಹುದು. ನೀರು ಯಾರು ತರಬೇಕು ಎಂಬುದು ನಿಜವಾದ ಕಾರಣ.

ಒಂದು ವರ್ಷ ಹುಡುಗಿಯರ ಸಂಖ್ಯೆ ಹದಿನೈದರ ಮೇಲೆ ಏರಲಿಲ್ಲ. ಆಗ ಅಮೀರ್ಬೀ ಹೊಸದೊಂದು ಮಾತು ಹುಟ್ಟಿಸಿದಳು.

"ಸಾಲಿಗಿ ಹೋಗೂ ಪೋರಿಗೋಳಿಗಿ ಲಗ್ನ ಲಗೂನ ಆಗ್ತಾವರಿ. ದೊಡ್ಡ ದೊಡ್ಡ ಮನೆತನದವ್ರು ಹುಡುಕ್ಕೊಂಡು ಬರಾಕತ್ತಾರ."

ಅಂದು ಕೌದಿ ಹೊಲಿಯುತ್ತಿದ್ದ ತಾಜುನ್ನಿಸಾ ತಲೆ ಎತ್ತಿದಳು. "ಈ ಮಾತು ಹೇಳಬ್ಯಾಡ್ರಿ ಅತ್ತಿ. ಲಗ್ನದ ಆಸಿ ತೋರಿಸಿ ಕರ್ಕೊಂಡು ಹೋದ್ರ, ಲಗ್ನದವ್ರೇ ಬಂದು ಕರ್ಕೊಂಡು ಹೋಗ್ತಾರ. ಆಮ್ಯಾಲ ನಿಮ್ಮ ಸಾಲಿ ಖಾಲಿ."

"ನೀ ಸುಮ್ನ ಕೂಡು. ಹನ್ನೊಂದು ವರ್ಷ ಈ ಕೆಲಸ ಮಾಡೀನಿ ನಾ. ನೀ ದಾರ ಪೋಣಿಸು" ಎಂದಳು ಅತ್ತೆ. ತಾಜುನ್ನಿಸಾ ದಾರ ಪೋಣಿಸಿದಳು.

ಹೊಸ ಮಾತು ಬೆಂಕಿ ಹತ್ತಿದ ಹಾಗೆ ಹಬ್ಬಿತು. ಎರಡೇ ತಿಂಗಳಲ್ಲಿ ಹದಿನೈದು ಹೋಗಿ ಇಪ್ಪತ್ತಾರಾಯಿತು. ಬಷೀರಾ ಉಸ್ತಾನಿ ಹೊಸ ಚಾಪೆ ತರಿಸಿದಳು. ಅಮೀರ್ಬೀ ಸಾಲಿನ ಮುಂದೆ ನಡೆಯುವಾಗ ಮೀಸೆ ಇದ್ದಿದ್ದರೆ ತಿರುವುತ್ತಿದ್ದಳು.

ಆದರೆ ಈ ಮಾತು ಹುಡುಗಿಯರ ತಾಯಂದಿರಿಗಷ್ಟೇ ಮುಟ್ಟಿ ನಿಲ್ಲಲಿಲ್ಲ, ಹುಡುಗರ ತಾಯಂದಿರಿಗೂ ಮುಟ್ಟಿತು. ಹೆಣ್ಣು ನೋಡಲು ಮನೆಗೆ ಹೋದರೆ ಏನು ಕಾಣುತ್ತದೆ? ಹೊಸ ಸೀರೆ, ತಗ್ಗಿಸಿದ ತಲೆ, ಅಷ್ಟೆ. ಇಲ್ಲಿ ಹಾಗಲ್ಲ. ದಿನಕ್ಕೆ ಎರಡು ಸಲ ಇಪ್ಪತ್ತಾರು ಹುಡುಗಿಯರು ಬಳೆ ಅಂಗಡಿಯ ಮುಂದೆ ಸಾಲಾಗಿ ಹೋಗುತ್ತಾರೆ. ನಡಿಗೆ ಹೇಗಿದೆ, ಜಡೆ ಎಷ್ಟುದ್ದ, ಯಾರು ಜಗಳಗಂಟಿ, ಯಾರು ಚಿಕ್ಕವರ ಕೈ ಹಿಡಿದು ನಡೆಸುತ್ತಾರೆ, ಎಲ್ಲಾ ಕೂತಲ್ಲೇ ಕಾಣುತ್ತದೆ. ಮೊದಲು ಬಂದು ಕೂತವಳು ಸೇಡಂ ಕಡೆಯ ಶಿವಕಾಂತಮ್ಮ. ಬಳೆ ಇಡಿಸಿಕೊಳ್ಳುವ ನೆಪದಲ್ಲಿ ನಾಲ್ಕು ದಿನ ಕೂತಳು. ಮೊಣಕೈತನಕ ಬಳೆಯಾದವು, ಐದನೆಯ ದಿನ ಸೊಸೆಯೂ ಗೊತ್ತಾದಳು. ಆಮೇಲೆ ಚಿಂಚೋಳಿಯಿಂದ ಬಂದರು, ವಾಡಿಯಿಂದ ರೈಲಿಳಿದು ಬಂದರು. ಬಳೆಗಾರ ಅಂಗಡಿಯ ಮುಂದೆ ಇನ್ನೂ ಎರಡು ಫರ್ಸಿ ಹಾಕಿಸಿ ಕೂರಲು ಜಾಗ ಮಾಡಿದ.

ನಿಶ್ಚಯವಾದ ಮರುದಿನವೇ ಹೇಳಿಕೆ ಬರುತ್ತಿತ್ತು: ನಮ್ಮ ಸೊಸೆ ಆಗುವಾಕಿ ಇನ್ನು ಬೀದ್ಯಾಗ ಅಡ್ಡಾಡಬಾರದು. ಹಬ್ಬದ ಹೊತ್ತಿಗೆ ಐದು ಹುಡುಗಿಯರು ಸಾಲಿನಿಂದ ಕಳಚಿಕೊಂಡರು. ಐವರೂ ಚೆನ್ನಾಗಿ ಓದುತ್ತಿದ್ದವರೇ. ಉಸ್ತಾನಿ ಹೆಸರುಗಳ ಮೇಲೆ ಗೀಟು ಎಳೆಯುವಾಗ ಕಣ್ಣು ಒರೆಸಿಕೊಂಡಳು. ಪರದೆಯ ಹೊರಗೆ ನಿಂತಿದ್ದ ಅಮೀರ್ಬೀ ಐದು ಗೀಟಿನ ಸದ್ದನ್ನೂ ಎಣಿಸಿದಳು. ಮನೆಗೆ ಬಂದು ಸೊಸೆಯ ಮುಖ ನೋಡಲಿಲ್ಲ.

ತಪ್ಪು ಒಪ್ಪಿಕೊಳ್ಳುವ ಬದಲು ಅವಳು ಒಂದು ಉಪಾಯ ಮಾಡಿದಳು. ಅಂಥವರು ಹಾಗೆಯೇ. ಮರುದಿನ ಬಳೆ ಅಂಗಡಿಗೆ ಹತ್ತು ಹೆಜ್ಜೆ ಮೊದಲು ಸಾಲನ್ನು ನಿಲ್ಲಿಸಿದಳು.

"ಕೇಳ್ರೆ ಪೋರಿಗಳಾ. ಆ ಫರ್ಸಿ ಮ್ಯಾಲ ಕುಂತಾರಲ್ಲ, ಅವ್ರು ನಿಮಗ ನೋಡಿ ಮೆಚ್ಚಬಾರದು. ಒಬ್ಬಾಕಿ ಕುಂಟ್ರಿ, ಒಬ್ಬಾಕಿ ಮೆಳ್ಳಗಣ್ಣು ಮಾಡ್ರಿ, ಒಬ್ಬಾಕಿ ತಲಿ ಕೆರ್ಕೋರಿ. ಅಂಗಡಿ ದಾಟೂತನ ಅಷ್ಟ."

ಹುಡುಗಿಯರಿಗೆ ಇಂಥ ಪಾಠ ಶಾಲೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಒಬ್ಬಾಕಿ ಕುಂಟು ಅಂದರೆ ಹತ್ತು ಜನ ಕುಂಟಿದರು. ಮೆಳ್ಳಗಣ್ಣಿನವರು ಎದುರು ಬಂದ ಎತ್ತಿಗೆ ಹಾಯ್ದರು. ಒಬ್ಬಳು ನಾಲಿಗೆ ಹೊರಹಾಕಿದಳು, ಇಬ್ಬರು ಕೂದಲು ಹಿಡಿದು ಜಗ್ಗಾಡಿದರು. ಚಿಂಚೋಳಿಯಿಂದ ಬಂದ ಹೆಂಗಸು ಅರ್ಧ ಇಡಿಸಿಕೊಂಡ ಬಳೆ ಹಾಗೇ ಬಿಟ್ಟು "ಶಿವಶಿವಾ, ಈ ಊರಾಗ ಏನ್ ರೋಗ ಬಂದದೋ" ಎಂದು ಬಂಡಿ ಹತ್ತಿದಳು. ಅಮೀರ್ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಎಂಟು ದಿನದಲ್ಲಿ ಫರ್ಸಿಗಳು ಖಾಲಿಯಾದವು, ಬಳೆಗಾರ ಅವಳೊಂದಿಗೆ ಮಾತು ಬಿಟ್ಟ.

ಒಂಬತ್ತನೆಯ ದಿನ ಬೆಳಿಗ್ಗೆ ನೀಲಾಬಾಯಿಯ ಮನೆಯ ಮುಂದೆ ನಿಂತು ಕೂಗಿದಾಗ ಹುಡುಗಿಯರ ಬದಲು ನೀಲಾಬಾಯಿಯೇ ಹೊರಗೆ ಬಂದಳು. ಅವಳ ಇಬ್ಬರು ಹೆಣ್ಣುಮಕ್ಕಳು ಸಾಲಿನಲ್ಲಿದ್ದರು.

"ನನ್ನ ದೊಡ್ಡ ಮಗಳು ಮೆಳ್ಳಿ, ಸಣ್ಣಾಕಿ ಕುಂಟಿ ಅಂತ ಸೇಡಂತನ ಸುದ್ದಿ ಹೋಗ್ಯಾದ ಅಮೀರ್ಬೀ. ಬಂಗಾರದಂಥ ಮಕ್ಕಳು ನನ್ನವು. ಯಾರು ಕಲಿಸಿದ್ರು ಇದು? ನಿನ್ನ ಸಾಲಿನೂ ಬ್ಯಾಡ, ನಿನ್ನ ಹಲ್ವಾನೂ ಬ್ಯಾಡ. ಹೋಗು."

ಜನ್ಮದಲ್ಲಿ ಮೊದಲ ಸಲ ಅಮೀರ್ಬೀಯ ಕಿವಿಗೆ 'ಬ್ಯಾಡ' ಕೇಳಿಸಿತು. ಇಪ್ಪತ್ತೊಂದರಲ್ಲಿ ಎರಡು ಹೋಗಿ ಹತ್ತೊಂಬತ್ತು ಉಳಿಯಿತು.

ಅದೇ ವಾರ ಗುಲ್ಬರ್ಗಾದಿಂದ ಹುಕುಂ ಬಂತು. ತಪಾಸಣೆಗೆ ದೊಡ್ಡ ಬಾಯಿ, ಅಂದರೆ ಶಾಲೆಗಳ ಮೇಲಿನ ಅಧಿಕಾರಿಣಿ, ಬರುತ್ತಾಳೆ. ಹೊಸ ಕಾಯಿದೆಯಂತೆ ಆ ದಿನ ಇಪ್ಪತ್ತು ಹುಡುಗಿಯರಿಗಿಂತ ಕಡಿಮೆ ಇದ್ದರೆ ಶಾಲೆಯನ್ನು ಎತ್ತಿ ಬೇರೆ ಊರಿಗೆ ಕೊಡಲಾಗುವುದು. ಬಷೀರಾ ಉಸ್ತಾನಿ ಪರದೆಯ ಹತ್ತಿರ ಬಂದು ಕಾಗದ ಓದಿ ಹೇಳಿದಳು. "ಒಬ್ಬ ಹುಡುಗಿ, ಅಮೀರ್ಬೀ. ಒಬ್ಬಳೇ ಸಾಕು. ಆದರೆ ಹೆಸರು ಖರೆ ಇರಬೇಕು, ಹುಡುಗಿ ಖರೆ ಇರಬೇಕು, ನಾಳೆಯೂ ಬರಬೇಕು. ನಾನು ಸುಳ್ಳು ಹೆಸರು ಬರೆಯುವುದಿಲ್ಲ."

ಅಮೀರ್ಬೀ ನಾಲ್ಕು ದಿನ ಊರೆಲ್ಲ ಸುತ್ತಿದಳು. ಮಷೀನಿನ ಮಾತು, ಹಲ್ವಾದ ಮಾತು, ಶಿವನ ಮಾತು, ಯಾವುದೂ ನಡೆಯಲಿಲ್ಲ. ಕುಂಟುವ ಶಾಲೆ ಎಂದು ಹೆಸರು ಬಿದ್ದುಹೋಗಿತ್ತು. ಒಬ್ಬಳು ಬಾಗಿಲು ತೆಗೆಯದೆ ಒಳಗಿನಿಂದಲೇ "ಮನ್ಯಾಗ ಯಾರೂ ಇಲ್ಲ" ಎಂದಳು. ಶಾಲೆ ಹೋದರೆ ತಾನು ಮತ್ತೆ ಗಣಿಗೆ ಹೋಗಿ ಫರ್ಸಿ ಹೊರಬೇಕು, ಐವತ್ತೈದು ವರ್ಷದ ಕುತ್ತಿಗೆ ಅದನ್ನು ತಡೆಯುವುದಿಲ್ಲ ಎಂಬ ಭಯ ಅವಳಿಗಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಅವಳನ್ನು ಹೆದರಿಸಿತು. ಆ ಹತ್ತೊಂಬತ್ತು ಹುಡುಗಿಯರು ಬೆಳಿಗ್ಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ಕಾಯುತ್ತಾರೆ, ತಾನು ಹೋಗುವುದಿಲ್ಲ. ಇದನ್ನು ನೆನೆದಾಗೆಲ್ಲ ಅವಳ ಬಾಯಿಯಲ್ಲಿದ್ದ ಎಲೆ ಅಡಿಕೆ ಸಪ್ಪೆಯಾಗುತ್ತಿತ್ತು.

ಐದನೆಯ ದಿನ ಸಂಜೆ ಅಂಗಳಕ್ಕೆ ಬಂದು ಸೊಸೆಯ ಮುಂದೆ ಕುಳಿತಳು. ಉಳಿದದ್ದು ಅದೊಂದೇ ಮನೆ.

"ತಾಜೂ, ಗುಲ್ಶನ್‌ಗ ಸಾಲಿಗಿ ಹಚ್ಚೋಣೇನು? ವಿಲಾಯತಿ ಮಷೀನ..."

"ಸೂಜಿ ಇಲ್ಲ" ಎಂದಳು ತಾಜುನ್ನಿಸಾ.

"ಶುಕ್ರವಾರ..."

"ಶುಕ್ರವಾರ ಸೂಟಿ ಅದ."

ಹನ್ನೊಂದು ವರ್ಷದಿಂದ ಈ ಅಂಗಳದಲ್ಲೇ ರೂಢಿ ಮಾಡಿದ ಮಾತುಗಳು. ಒಂದೊಂದರ ಹೊಲಿಗೆಯೂ ಸೊಸೆಗೆ ಗೊತ್ತಿತ್ತು. ತಾಜುನ್ನಿಸಾ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ನಿಲ್ಲಿಸಿದಳು.

"ಒಂದು ಕೇಳ್ತೀನ್ರಿ ಅತ್ತಿ, ಸಿಟ್ಟಾಗಬ್ಯಾಡ್ರಿ. ಆ ಪರದಾ ಒಳಗ ಏನ್ ನಡೀತದ? ನೀವು ಎಂದರ ಹೋಗಿ ನೋಡೀರೇನು?"

ಅಮೀರ್ಬೀ ನೋಡಿರಲಿಲ್ಲ. ಪರದೆಯ ಹತ್ತಿರ ಹುಡುಗಿಯರನ್ನು ಬಿಟ್ಟು ಬೇವಿನ ಮರದ ಕೆಳಗೆ ನಿದ್ದೆ ಮಾಡುವುದು ಅವಳ ಪದ್ಧತಿ. ಊರಿಗೆಲ್ಲ ಮಾರಿದ ಸಾಮಾನನ್ನು ಅವಳು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

"ನಾಳಿ ಒಂದು ದಿನ ಒಳಗ ಹೋಗಿ ಕುಂದ್ರಿ. ಸಂಜಿಗಿ ಬಂದು ಕಂಡದ್ದು ಕಂಡಂಗ ಹೇಳ್ರಿ. ಬ್ಯಾರೇದವ್ರಿಗಿ ಹೇಳಿದಂಗಲ್ಲ. ಆಮ್ಯಾಲ ನೋಡೋಣ."

ಹೀಗೆ ಅಮೀರ್ಬೀ ಐವತ್ತೈದನೆಯ ವಯಸ್ಸಿನಲ್ಲಿ ಒಂದನೆಯ ಇಯತ್ತೆಯ ಚಾಪೆಯ ತುದಿಯಲ್ಲಿ ಹೋಗಿ ಕುಳಿತಳು. ಹುಡುಗಿಯರು ಮುಸಿಮುಸಿ ನಕ್ಕರು. ಅರ್ಧ ತಾಸಿನಲ್ಲಿ ಕಾಲು ಜೋಮು ಹಿಡಿಯಿತು. ಎಲೆ ಅಡಿಕೆ ಬಾಯಿಗೆ ಹಾಕಲು ಹೋದಾಗ ಉಸ್ತಾನಿ ಬರೀ ಕಣ್ಣಿನಿಂದ ನೋಡಿದಳು. ಅಮೀರ್ಬೀ ಎಲೆಯನ್ನು ಮೆಲ್ಲಗೆ ಸಂಚಿಗೆ ಹಾಕಿದಳು. ಅಕ್ಷರ ಓದಿಸುವಾಗ ಅವಳಿಗೆ ಒಳ್ಳೆಯ ನಿದ್ದೆ ಬಂತು. ಊಟದ ಮೇಲೆ ಸ್ವತಃ ಉಸ್ತಾನಿಯೂ ಕುರ್ಚಿಯಲ್ಲಿ ಎರಡು ಸಲ ತೂಕಡಿಸಿದಳು. ಮಾಡಿನ ತೂತಿನಿಂದ ಬಿಸಿಲು ಬಿದ್ದು ಮೆಲ್ಲಗೆ ಗೋಡೆ ಹತ್ತುತ್ತಿತ್ತು. ಇಷ್ಟಕ್ಕೇನಾ ನಾನು ಹನ್ನೊಂದು ವರ್ಷ ಗಂಟಲು ಹರಿದುಕೊಂಡದ್ದು ಎಂದು ಅಮೀರ್ಬೀಗೆ ಅಳುವೇ ಬಂತು.

ಮಧ್ಯಾಹ್ನ ಲೆಕ್ಕದ ಪಾಠ. ಉಸ್ತಾನಿ ಕರಿಹಲಗೆಯ ಮೇಲೆ ಬರೆದು ಓದಿದಳು: ಮನೆಯಲ್ಲಿ ನಲವತ್ತಮೂರು ಸೇರು ಜೋಳ ಇತ್ತು, ಇಪ್ಪತ್ತಾರು ಸೇರು ಬೀಸಿದರು, ಉಳಿದದ್ದೆಷ್ಟು? ತಾನೇ ಲೆಕ್ಕ ಮಾಡಿ ಇಪ್ಪತ್ತೇಳು ಎಂದು ಬರೆದಳು.

"ಇಲ್ರಿ ಉಸ್ತಾನಿ" ಎಂದಿತು ಒಂದು ದನಿ. ಪಿಂಜಾರರ ಮಾಸುಮಬಿ, ಒಂಬತ್ತು ವರ್ಷದವಳು. "ತಪ್ಪಾಗ್ಯಾದ. ಹದಿನೇಳು."

ಈಗ ಬೀಳುತ್ತದೆ ಕಪಾಳಕ್ಕೆ ಎಂದು ಅಮೀರ್ಬೀ ಕಣ್ಣು ಮುಚ್ಚಿದಳು. ಅವಳ ಕಾಲದಲ್ಲಿ, ಅವಳ ತಾಯಿಯ ಮನೆಯಲ್ಲಿ, ಗಂಡನ ಮನೆಯಲ್ಲಿ, ಗಣಿಯಲ್ಲಿ, ದೊಡ್ಡವರಿಗೆ ತಪ್ಪು ಎಂದು ಹೇಳಿದ ಹೆಣ್ಣಿನ ಕಪಾಳ ಎಂದೂ ಉಳಿದಿರಲಿಲ್ಲ. ಸಪ್ಪಳ ಕೇಳಲಿಲ್ಲ. ಕಣ್ಣು ತೆರೆದರೆ ಉಸ್ತಾನಿ ಬೆರಳು ಮಡಚಿ ಎಣಿಸುತ್ತಿದ್ದಳು. ಎಣಿಸಿ ಮುಗಿಸಿ, ಇಪ್ಪತ್ತೇಳನ್ನು ಒರೆಸಿ ಹದಿನೇಳು ಬರೆದಳು. "ಹೌದು ಮಾಸುಮಬಿ, ನಿನ್ನದೇ ಸರಿ. ಶಾಬಾಸ್" ಎಂದು ಮುಂದಿನ ಲೆಕ್ಕಕ್ಕೆ ಹೋದಳು.

ಯಾರೂ ಬೆರಗಾಗಲಿಲ್ಲ. ಮಾಸುಮಬಿಯೂ ಮೂಗು ಒರೆಸಿಕೊಂಡು ಪಾಟಿಯ ಮೇಲೆ ಬರೆಯತೊಡಗಿದಳು. ಅಮೀರ್ಬೀ ಒಬ್ಬಳೇ ಬಾಯಿ ತೆರೆದುಕೊಂಡು ಕುಳಿತಿದ್ದಳು.

ಸಂಜೆ ಅಂಗಳದಲ್ಲಿ ಕುಳಿತು ಅವಳು ಕಂಡದ್ದನ್ನೆಲ್ಲ ಹೇಳಿದಳು. ಜೋಮು ಹಿಡಿದ ಕಾಲು, ಮಾಡಿನ ತೂತು, ಉಸ್ತಾನಿಯ ತೂಕಡಿಕೆ, ಏನನ್ನೂ ಬಿಡಲಿಲ್ಲ. ಕೊನೆಗೆ ಮಾಸುಮಬಿಯ ಸುದ್ದಿ ಹೇಳಿದಳು. ಹೇಳುವಾಗ ಅವಳ ದನಿ ತಾನಾಗಿಯೇ ಇಳಿಯಿತು.

"ಉಸ್ತಾನಿ ಬಡೀಲಿಲ್ಲ?" ತಾಜುನ್ನಿಸಾ ಕೇಳಿದಳು.

"ಬಡೀಲಿಲ್ಲ. ಬೈಯ್ಲೂ ಇಲ್ಲ. ನಿಂದೇ ಸರಿ ಅಂದ್ಳು. ಅಷ್ಟ ಸಣ್ಣ ಪೋರಿಗಿ."

ತಾಜುನ್ನಿಸಾಳ ಸೂಜಿ ನಿಂತಿತು. ಸ್ವಲ್ಪ ಹೊತ್ತು ಕೌದಿಯ ಮೇಲೆ ಕೈಯಾಡಿಸಿದಳು. "ಈ ಮನಿಗಿ ಬಂದು ಹತ್ತು ವರ್ಷ ಆಯ್ತುರಿ ಅತ್ತಿ" ಎಂದಳು. ಅಷ್ಟೇ ಅಂದಳು.

ಅಮೀರ್ಬೀಗೆ ಅರ್ಥವಾಯಿತು. ಅವಳು ಮಾತಿನ ಮನುಷ್ಯಳು; ಯಾವ ಮಾತು ಎಲ್ಲಿ ಮುಟ್ಟಬೇಕೆಂದು ಹೇಳಲಾಗಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಊರಿನ ಬಾಗಿಲಲ್ಲೆಲ್ಲ ನೂರು ಸುಳ್ಳು ಸರಾಗವಾಗಿ ಹರಿದಿದ್ದ ಬಾಯಿ, ತನ್ನ ಅಂಗಳದಲ್ಲಿ ಒಂದು ನಿಜಕ್ಕೆ ತಡಬಡಿಸಿತು.

"ಆ ಲಗ್ನದ ಮಾತು..." ಎಂದಳು. "ಆ ಲಗ್ನದ ಮಾತು ಹೇಳಬ್ಯಾಡ್ರಿ ಅಂತ ನೀ ಅಂದಿದ್ದಿ. ನಿಂದೇ ಸರಿ ಇತ್ತು ತಾಜೂ. ತಪ್ಪು ನಂದು. ಐದು ಪೋರಿಗೋಳು ನನ್ನ ಬಾಯಿಂದ ಹೋದ್ವು."

ತಾಜುನ್ನಿಸಾ ಹಲ್ಲಿನಿಂದ ದಾರ ಕಡಿದಳು.

"ನೀರು ಯಾರು ತರೋರು?"

"ನಾ ತರ್ತೀನಿ. ಕರಿಯೂಕಿಂತ ಮೊದಲ ಎರಡು ಕೊಡ, ಬಂದ ಮ್ಯಾಲ ಎರಡು."

"ಹಂಗಾರ ನಾಳಿ ಬಂದು ಕರೀರಿ."

"ಬಂದು ಅಂದ್ರ? ನಾ ಮನ್ಯಾಗೇ ಇರ್ತೀನಲ್ಲ?"

"ಊರಾಗಿನ ತಾಯಿಗೋಳ ಬಾಗಿಲಿಗೆಲ್ಲ ಹೋಗಿ ನಿಂತು ಕರೀತೀರಿ. ನಾನೂ ತಾಯಿ ಇದ್ದೀನಿ" ಎಂದು ತಾಜುನ್ನಿಸಾ ಕೌದಿ ಮಡಚಿಕೊಂಡು ಒಳಗೆ ಹೋದಳು.

ಮುಂದೆ ದೊಡ್ಡ ಬಾಯಿ ಬಂದು ಇಪ್ಪತ್ತು ತಲೆ ಎಣಿಸಿ ಸಹಿ ಹಾಕಿ ಹೋದದ್ದು, ಅಮೀರ್ಬೀ ಸುಳ್ಳು ಹೇಳುವುದನ್ನು ಬಿಟ್ಟು ತಾಯಂದಿರಿಗೇ "ಒಂದು ದಿನ ಒಳಗ ಬಂದು ಕುಂತು ನೋಡ್ರಿ" ಎನ್ನತೊಡಗಿದ್ದು, ಬಂದು ಕುಳಿತ ನೀಲಾಬಾಯಿ ಮಕ್ಕಳಿಬ್ಬರನ್ನೂ ತಿರುಗಿ ಕಳಿಸಿದ್ದು, ಇವೆಲ್ಲ ಚಿತ್ತಾಪುರಕ್ಕೆ ಗೊತ್ತು. ಆ ಮರುದಿನ ಬೆಳಿಗ್ಗೆ ನಡೆದದ್ದನ್ನು ಕಂಡವನು ಹಾಲು ಮಾರುವ ಅಮೃತಪ್ಪ ಒಬ್ಬನೇ.

ಅಮೀರ್ಬೀ ಎರಡು ಕೊಡ ನೀರು ತಂದಿಟ್ಟು, ಮುಖ ತೊಳೆದು, ಒಗೆದ ಸೀರೆ ಉಟ್ಟು, ತನ್ನ ಮನೆಯಿಂದ ಹೊರಗೆ ಬಂದಳು. ಬಾಗಿಲು ಎಳೆದುಕೊಂಡಳು. ಬೀದಿಗೆ ಇಳಿದು, ತಿರುಗಿ, ಆ ಬಾಗಿಲನ್ನೇ ನೋಡುತ್ತ ನಿಂತಳು.

"ಏನ್ ಅಮೀರ್ಬೀ, ಕೀಲಿ ಕಳಕೊಂಡಿ ಏನು?" ಅಮೃತಪ್ಪ ಕೇಳಿದ.

ಅಮೀರ್ಬೀ ಅವನಿಗೆ ಕೈಯಿಂದಲೇ ಹೋಗು ಎಂದಳು. ಗಂಟಲು ಸರಿಮಾಡಿಕೊಂಡಳು. ಪಟೇಲನನ್ನು ಎಬ್ಬಿಸುತ್ತಿದ್ದ ಆ ದನಿ ಎಷ್ಟು ಜಗ್ಗಿದರೂ ಮೇಲೆ ಬರಲಿಲ್ಲ. ಕೊನೆಗೆ ಹೋಗಿ ಚಿಲಕ ಬಡಿದಳು.

"ಯಾರು?" ಒಳಗಿನಿಂದ ತಾಜುನ್ನಿಸಾ ಕೇಳಿದಳು.

"ನಾನ್ರಿ. ಸಾಲಿ ಅಮೀರ್ಬೀ. ನಿಮ್ಮ ಮಗಳಿಗಿ ಕರೀಲಾಕ ಬಂದೀನ್ರಿ."

ಹತ್ತು ವರ್ಷದಲ್ಲಿ ಸೊಸೆಗೆ ಅವಳು ಹೀಗೆ ಬಹುವಚನದಲ್ಲಿ ಮಾತಾಡಿದ್ದು ಅದೇ ಮೊದಲು.

"ಕುಂದ್ರಿ" ಎಂದಿತು ಒಳಗಿನ ದನಿ. "ತಲಿ ಬಾಚಾಕತ್ತೀನಿ."

ಅಮೀರ್ಬೀ ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಕಾದಳು.